ಅತ್ತೆ ಜೇಡಕ್ಕೆ ಗಂಡು ನೋಡಿದ್ದು

ಮನೆಯಲ್ಲಿ ಜೇಡ ಸಾಕಿದವರು ನಗೆಪಾಟಲನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದು ತಾನಾಗಿಯೇ ಗೋಡೆ ಇಳಿದು ಬರುತ್ತದೆ. ನನ್ನ ಪಾಲಿಗೆ ಹಾಗೆ ಬಂದವುಗಳಲ್ಲಿ ಕೆಲವನ್ನು ಇಲ್ಲಿ ಬರೆದಿದ್ದೇನೆ. ಇದಕ್ಕೆ ಮೊದಲು ನಾನು ಬರೆದದ್ದೆಂದರೆ ರಜೆ ಚೀಟಿ ಮತ್ತು ಪ್ರಶ್ನೆಪತ್ರಿಕೆ ಮಾತ್ರ. ಅಲ್ಲಲ್ಲಿ ವಿವರಣೆ ಹೆಚ್ಚಾಗಿದ್ದರೆ ಮನ್ನಿಸಬೇಕು. ಹೇಳದೆ ಬಿಟ್ಟರೆ ಯಾರಿಗಾದರೂ ತಿಳಿಯದೆ ಹೋದೀತು ಎಂಬ ಭಯ ನನಗೆ.

ನಾನು ರಾಯಚೂರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಅತಿಥಿ ಉಪನ್ಯಾಸಕಿ. ಜೊತೆಗೆ ಯರಗೇರಾದ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ ಬಸ್ಸಿನಲ್ಲಿ ಓಡಾಡಿ ಪಿಎಚ್‌ಡಿ ಮಾಡುತ್ತಿದ್ದೇನೆ. ನನ್ನ ವಿಷಯ ಜಿಗಿಜೇಡ. ನೀವು ಇದನ್ನು ನೋಡಿರುತ್ತೀರಿ, ಹೆಸರು ಗೊತ್ತಿರಲಿಕ್ಕಿಲ್ಲ. ಸ್ವಿಚ್ಚಿನ ಹತ್ತಿರ ಗೋಡೆಯ ಮೇಲೆ ಕಡಲೆಬೇಳೆಯಷ್ಟು ದೊಡ್ಡ ಜೇಡವೊಂದು ಕುಳಿತಿರುತ್ತದೆ. ಕೈ ಚಾಚಿದರೆ ಓಡುವುದಿಲ್ಲ, ತಿರುಗಿ ನಿಮ್ಮನ್ನು ನೋಡುತ್ತದೆ. ಅದೇ ಇದು. ಇದಕ್ಕೆ ಎಂಟು ಕಣ್ಣು. ಮುಂದಿನ ಎರಡು ಸ್ಕೂಟರಿನ ದೀಪದಷ್ಟು ದೊಡ್ಡವು, ಅಂದರೆ ಅದರ ಮುಖಕ್ಕೆ ಹೋಲಿಸಿದರೆ. ಇದು ಬಲೆ ಹಾಕಿ ಕಾಯುವ ಜಾತಿಯಲ್ಲ. ಬೆಕ್ಕಿನಂತೆ ಹೊಂಚಿ, ಮೆಲ್ಲಗೆ ತೆವಳಿ, ಕೊನೆಗೆ ಒಮ್ಮೆಲೇ ಜಿಗಿದು ನೊಣ ಹಿಡಿಯುತ್ತದೆ. ಜಿಗಿಯುವ ಮುಂಚೆ ಕುಳಿತ ಜಾಗಕ್ಕೆ ಒಂದು ಎಳೆ ಅಂಟಿಸಿರುತ್ತದೆ. ಗುರಿ ತಪ್ಪಿದರೆ ಆ ಎಳೆ ಹಿಡಿದು ಮೇಲೆ ಹತ್ತಿ ಬಂದು, ಏನೂ ಆಗಿಲ್ಲವೆಂಬಂತೆ ಕೂರುತ್ತದೆ.

ಇನ್ನು ನನ್ನ ಸಂಕಟ. ಹೆಣ್ಣನ್ನು ಒಲಿಸಲು ಗಂಡುಜೇಡ ಅದರ ಮುಂದೆ ಕುಣಿಯುತ್ತದೆ. ಆ ಕುಣಿತವೇ ನನ್ನ ಸಂಶೋಧನೆ. ಎರಡು ವರ್ಷ ಕಳೆದರೂ ಮೊದಲಿನಿಂದ ಕೊನೆಯವರೆಗೆ ಒಂದೇ ಒಂದು ಕುಣಿತ ನನ್ನ ಮೊಬೈಲಿನಲ್ಲಿ ಸೆರೆಯಾಗಿರಲಿಲ್ಲ. ಒಂದು ದಿನ ನಮ್ಮ ಗೈಡ್, ಅಂದರೆ ನನಗೆ ಮಾರ್ಗದರ್ಶನ ಮಾಡುವ ಪ್ರೊಫೆಸರು, ಕರೆದು ಹೇಳಿದರು.

"ದಸರಾ ಮುಗಿದ ಮ್ಯಾಗ ಸಮಿತಿ ಕೂಡ್ತದ. ಒಂದು ಪೂರಾ ವಿಡಿಯೋ ತರ್ರಿ. ನಡುವ ಎಲ್ಲೂ ಕತ್ತರಿಸಿರಬಾರದು. ಆಗಂಗಿಲ್ಲಂದ್ರ ವಿಷಯ ಬದಲಿ ಮಾಡ್ರಿ. ಭತ್ತದ ಕಾಂಡಕೊರಕ ಹುಳ ಯಾರೂ ತಗೊಂಡಿಲ್ಲ."

ಕಾಂಡಕೊರಕದ ಮೇಲೆ ನನಗೆ ಸಿಟ್ಟೇನೂ ಇಲ್ಲ. ಆದರೆ ಎರಡು ವರ್ಷ ಒಬ್ಬರ ಕಣ್ಣಲ್ಲಿ ಕಣ್ಣಿಟ್ಟು ಕುಳಿತ ಮೇಲೆ ಇನ್ನೊಬ್ಬರ ಕಡೆ ತಿರುಗುವುದು ಕಷ್ಟ.

೧. ಕಸಬರಿಗೆ

ಅದೇ ವಾರ ದೇವದುರ್ಗದಿಂದ ನಮ್ಮ ಅತ್ತೆ ಬಂದರು. ಅವರ ಬಗ್ಗೆ ಎರಡು ಸಂಗತಿ ಹೇಳಬೇಕು, ಮುಂದೆ ಎರಡೂ ಬೇಕಾಗುತ್ತವೆ. ಒಂದು, ಅವರಿಗೆ ಮನೆಯ ಮೂಲೆಯಲ್ಲಿ ಕಸ ಕಂಡರೆ ಊಟ ಇಳಿಯುವುದಿಲ್ಲ. ಎರಡು, ದೇವದುರ್ಗದ ಸುತ್ತಮುತ್ತ ಸಂಬಂಧ ಕೂಡಿಸುವುದರಲ್ಲಿ ಅವರದು ಎತ್ತಿದ ಕೈ. ಅಂದರೆ ಯಾರ ಮನೆಯ ಹುಡುಗನಿಗೆ ಯಾರ ಮನೆಯ ಹುಡುಗಿ ಹೊಂದುತ್ತಾಳೆ ಎಂಬುದನ್ನು ಅವರನ್ನು ಕೇಳದೆ ಯಾರೂ ಮುಂದುವರಿಸುವುದಿಲ್ಲ.

ಜೋಳದ ರೊಟ್ಟಿಯ ಗಂಟು ಕೆಳಗಿಟ್ಟು, ನೀರು ಕುಡಿದು, ಅತ್ತೆ ಕಸಬರಿಗೆ ಕೈಗೆತ್ತಿಕೊಂಡರು. ನಾನು ಕಾಲೇಜಿಗೆ ಹೋಗಿ ಬರುವಷ್ಟರಲ್ಲಿ ಎರಡು ವರ್ಷದಿಂದ ನಾನು ಲೆಕ್ಕವಿಟ್ಟು ಕಾಯ್ದಿದ್ದ ಜೇಡಗಳೆಲ್ಲ ಅಂಗಳದಾಚೆ ಹೋಗಿದ್ದವು. ಅಡುಗೆಮನೆಯ ಕಿಟಕಿಯ ಮೇಲೆ ಒಂದು ಹೆಣ್ಣು ಮಾತ್ರ ಉಳಿದಿತ್ತು. ಕಸಬರಿಗೆ ಅದರ ಕಡೆಗೂ ಏರುತ್ತಿತ್ತು.

"ಹೊಡಿಬ್ಯಾಡ್ರಿ ಅತ್ತಿ, ಅದು ನನ್ನ ಓದು," ಅಂದೆ.

"ಓದು ಪುಸ್ತಕದಾಗ ಇರ್ತದ ಬೇ, ಗೋಡಿ ಮ್ಯಾಗ ಯಾಕ ಇರ್ತದ? ಜಾಡ ಮೈ ಮ್ಯಾಗ ಹರದ್ರ ಬೊಬ್ಬಿ ಏಳ್ತಾವ."

"ಇದು ಅಂಥಾದ್ದಲ್ರೀ. ಬಲಿ ಹಾಕಂಗಿಲ್ಲ, ಮನಿ ಹೊಲಸ ಮಾಡಂಗಿಲ್ಲ."

"ಬಲಿ ಹಾಕಂಗಿಲ್ಲ. ಮತ್ತ ಮನಿ?"

"ಮನಿನೂ ಕಟ್ಟಂಗಿಲ್ರೀ. ಮಲಗಾಕ ಒಂದು ಸಣ್ಣ ಚೀಲ ಹೆಣಕೊಂತದ, ಅಷ್ಟ."

"ದಿನಾ ಎದ್ದು ಏನ ಮಾಡ್ತದ ಹಂಗಾರ?"

"ತಿರಗಾಡ್ತದ. ಕುಂತು ನೋಡ್ತದ. ತಿನ್ನಾಕ ಏನರ ಕಂಡ್ರ ಜಿಗೀತದ."

ಅತ್ತೆ ಕಸಬರಿಗೆ ಇಳಿಸಿ, ಹೊರಗಿನ ಕೋಣೆಯಲ್ಲಿ ಪೇಪರ್ ಹಿಡಿದು ಕುಳಿತಿದ್ದ ತಮ್ಮ ಮಗನ ಕಡೆ ಒಮ್ಮೆ ನೋಡಿದರು. ಅವರ ಮಗ ಎಂದರೆ ನನ್ನ ಗಂಡ. ಪ್ಲಾಟ್ ಕೊಂಡು ಐದು ವರ್ಷವಾಯಿತು, ಮುಂದಿನ ಯುಗಾದಿಗೆ ಮನೆ ಕಟ್ಟಿಸುತ್ತೇನೆ ಎಂದು ಐದು ಯುಗಾದಿಯಿಂದ ಹೇಳುತ್ತಿದ್ದಾರೆ.

"ಇರಲಿ ಬಿಡು," ಅಂದರು ಅತ್ತೆ. "ಇಂಥಾದ್ದು ಒಂದನ್ನ ಸಾಕೀನಿ. ಇನ್ನೊಂದು ಭಾರ ಆಗಂಗಿಲ್ಲ."

೨. ಬಸ್ಸಿನಲ್ಲಿ ಆರು ಗಂಡು

ಉಳಿದ ಆ ಹೆಣ್ಣಿಗೆ ಅತ್ತೆಯೇ ಅಕ್ಕೋರು ಎಂದು ಹೆಸರಿಟ್ಟರು. ನಮ್ಮ ಕಡೆ ಶಾಲೆಯ ಮೇಡಂಗೆ ಅಕ್ಕೋರು ಅನ್ನುತ್ತಾರೆ. ಅಡುಗೆಮನೆಗೆ ಯಾರು ಬಂದರೂ ಅದು ತಿರುಗಿ, ಹೋಮ್‌ವರ್ಕ್ ಮಾಡಿದ್ದೀಯಾ ಎಂದು ಕೇಳುವಂತೆ ನೋಡುತ್ತಿತ್ತು.

ಅಕ್ಕೋರು ಇದ್ದರು, ಗಂಡು ಇರಲಿಲ್ಲ. ಗಂಡುಗಳೆಲ್ಲ ಕಸಬರಿಗೆಯ ಜೊತೆ ಹೋಗಿದ್ದವು. ಮಾನ್ವಿ ರಸ್ತೆಯ ಕಲ್ಲೂರಿನಲ್ಲಿ ನಮ್ಮ ಪರಿಚಯದವರ ಹಳೆಯ ಅಕ್ಕಿ ಗಿರಣಿ ಇದೆ. ಅದರ ಗೋಡೆಯ ತುಂಬ ನೊಣ, ನೊಣದ ಹಿಂದೆ ಜಿಗಿಜೇಡ. ಅಲ್ಲಿಗೆ ಹೋಗಿ ಮಬ್ಬು ಬೆಳಕಿನಲ್ಲಿ ಆರು ಗಂಡು ಹಿಡಿದೆ. ಒಂದೊಂದನ್ನು ಒಂದೊಂದು ಮಾತ್ರೆ ಡಬ್ಬಿಯಲ್ಲಿಟ್ಟು, ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿದೆ. ಬೇರೆ ಬೇರೆ ಯಾಕೆಂದರೆ ಒಟ್ಟಿಗಿಟ್ಟರೆ ಮನೆ ಮುಟ್ಟುವಾಗ ಒಂದೇ ಇರುತ್ತದೆ, ದಪ್ಪಗೆ.

ರಾಯಚೂರಿನ ಬಸ್ಸು ಹತ್ತಿ, ಡಬ್ಬಿಗಳನ್ನು ತೊಡೆಯ ಮೇಲೆ ಸಾಲಾಗಿ ಇಟ್ಟುಕೊಂಡು ಕುಳಿತೆ. ಕಂಡಕ್ಟರು ಬಂದು ಬಗ್ಗಿ ನೋಡಿದರು.

"ಏನ್ರೀ ಮೇಡಂ, ಡಬ್ಬ್ಯಾಗ?"

"ಜೇಡ ರೀ. ಆರು ಅದಾವ."

ಕಂಡಕ್ಟರು ಟಿಕೆಟ್ ಮಷಿನ್ ಕೈಗೆತ್ತಿಕೊಂಡರು. "ಹೆಣ್ಣೇನ್ರೀ, ಗಂಡೇನ್ರೀ?"

ಇಲ್ಲಿ ಒಂದು ವಿಷಯ. ನಮ್ಮ ರಾಜ್ಯದ ಬಸ್ಸುಗಳಲ್ಲಿ ಈಗ ಹೆಂಗಸರಿಗೆ ಟಿಕೆಟ್ ಇಲ್ಲ, ಗುರುತಿನ ಚೀಟಿ ತೋರಿಸಿದರೆ ಸಾಕು. ಕೋಳಿ ಕುರಿ ತಂದರೆ ಟಿಕೆಟ್ ಕೊಳ್ಳಬೇಕು. ಇದೆಲ್ಲ ನನ್ನ ತಲೆಗೆ ಹೊಳೆಯಲಿಲ್ಲ. ಪಾಠ ಮಾಡುವ ಚಟದಲ್ಲಿ ನಿಜ ಹೇಳಿಬಿಟ್ಟೆ.

"ಗಂಡು ರೀ, ಆರೂ ಗಂಡು."

"ಎಂಥಾ ಕೆಲಸ ಮಾಡಿದ್ರಿ. ಹೆಣ್ಣು ತಂದಿದ್ರ ಫ್ರೀ ಇತ್ತಲ್ರೀ."

ಮುಂದಿನ ಸೀಟಿನಲ್ಲಿ ತಲೆಗೆ ಪಟಗ ಸುತ್ತಿಕೊಂಡ ಹಿರಿಯರೊಬ್ಬರು ಕುಳಿತಿದ್ದರು. ಅವರು ತಿರುಗಿ, "ಹೆಣ್ಣಾದ್ರ ಆಧಾರ್ ಕಾರ್ಡ್ ಎಲ್ಲಿಂದ ತರ್ತಾರೋ ತಮ್ಮಾ?" ಅಂದರು.

"ಅದೂ ಖರೇ ಅದ ಯಪ್ಪಾ. ಆದ್ರ ಕೋಳಿಗೆ ಟಿಕೆಟ್ ಹರೀತೀನಿ ನಾನು. ಕೋಳಿಗೆ ಎರಡ ಕಾಲು. ಇವಕ್ಕ ಎಂಟೆಂಟು."

"ಸೀಟ್ ಹಿಡದಾವೇನು? ಇಲ್ಲ. ಕೂಗ್ತಾವೇನು? ಇಲ್ಲ. ಬಿಡು ಹೋಗಲಿ."

ಅಷ್ಟರಲ್ಲಿ ಎಮ್ಮೆಯೊಂದು ರಸ್ತೆಗೆ ಬಂದು ಡ್ರೈವರು ಬ್ರೇಕ್ ಹಾಕಿದರು. ಒಂದು ಡಬ್ಬಿಯ ಮುಚ್ಚಳ ಹಾರಿತು. ಅದರೊಳಗಿನ ಗಂಡು ಒಂದೇ ಜಿಗಿತಕ್ಕೆ ಕಂಡಕ್ಟರ ಟಿಕೆಟ್ ಮಷಿನ್ ಮೇಲೆ ಕುಳಿತು, ಅವರ ಕಡೆ ತಿರುಗಿ ತಲೆ ಎತ್ತಿತು. ಕಂಡಕ್ಟರು ಎಡಕ್ಕೆ ವಾಲಿದರು, ಅದೂ ಎಡಕ್ಕೆ ತಿರುಗಿತು. ಬಲಕ್ಕೆ ವಾಲಿದರು, ಅದೂ ಬಲಕ್ಕೆ ತಿರುಗಿತು.

"ಇದು ನನ್ನ ನೋಡಾಕತ್ತದ ರೀ. ಇಪ್ಪತ್ತು ವರ್ಷದ ನೌಕರಿದಾಗ ಚೆಕಿಂಗ್‌ನವರೂ ನನ್ನ ಹಿಂಗ ನೋಡಿಲ್ಲ."

"ಏನೂ ಮಾಡಂಗಿಲ್ರೀ, ಹಂಗ ಹಿಡಕೊಂಡು ನಿಂದ್ರಿ," ಎಂದು ನಾನು ಡಬ್ಬಿ ಹಿಡಿದು ಎದ್ದೆ. ಅದೇ ವೇಳೆಗೆ ಮುಂದಿನ ಸ್ಟಾಪಿನಲ್ಲಿ ಒಬ್ಬ ಹತ್ತಿ, "ರಾಯಚೂರು ಒಂದು ಕೊಡ್ರಿ," ಅಂದ.

ಕಂಡಕ್ಟರು ಅಲುಗಾಡದೆ ಹೇಳಿದರು, "ಜರಾ ತಡಿಯಪಾ. ಮಷಿನ್ ಮ್ಯಾಗ ಸಾಹೇಬ್ರು ಕುಂತಾರ. ಅವರು ಇಳದ ಮ್ಯಾಗ ಕೊಡ್ತೀನಿ."

೩. ಕನ್ನಡಿಯಲ್ಲಿದ್ದ ವೈರಿ

ಆ ಸಾಹೇಬರೇ ಮರುದಿನ ಬೆಳಿಗ್ಗೆ ಮತ್ತೆ ಡಬ್ಬಿಯಿಂದ ತಪ್ಪಿಸಿಕೊಂಡು, ನನ್ನ ಗಂಡ ಗಡ್ಡ ಮಾಡಿಕೊಳ್ಳುವ ಕನ್ನಡಿಯ ಮೇಲೆ ಹೋಗಿ ಕುಳಿತರು. ಜಿಗಿಜೇಡದ ಕಣ್ಣು ಬಹಳ ದೊಡ್ಡದು ಎಂದು ಹೇಳಿದೆನಲ್ಲ, ಚುರುಕೂ ಹೌದು, ಆದರೆ ಕನ್ನಡಿ ಎಂಬುದು ಅದಕ್ಕೆ ಗೊತ್ತಿಲ್ಲ. ಕನ್ನಡಿಯಲ್ಲಿ ಇನ್ನೊಬ್ಬ ಗಂಡು ನಿಂತಿದ್ದಾನೆ ಎಂದು ತಿಳಿದು ಅದು ಮುಂಗಾಲು ಎರಡನ್ನೂ ಎತ್ತಿ ಬೆದರಿಸಿತು. ಕನ್ನಡಿಯೊಳಗಿನವನೂ ಎತ್ತಿದ. ಇದು ಎರಡು ಹೆಜ್ಜೆ ಮುಂದೆ ಬಂತು, ಅವನೂ ಬಂದ.

ನನ್ನ ಗಂಡನಿಗೆ ಆಗ ಒಂದು ಕಡೆಯ ಗಡ್ಡ ಮಾತ್ರ ಮುಗಿದಿತ್ತು.

"ಇದನ್ನ ತಗೀ, ನನಗ ಹೊತ್ತಾತು," ಅಂದರು. ಅವರು ಮಾನ್ವಿಯ ಒಂದು ಹೈಸ್ಕೂಲಿನಲ್ಲಿ ಮಾಸ್ತರರು, ಎಂಟೂವರೆಯ ಬಸ್ಸು ತಪ್ಪಿದರೆ ಕಷ್ಟ.

"ಹತ್ತು ನಿಮಿಷ ತಡೀರಿ, ಬರಕೊಳ್ಳಾಕತ್ತೀನಿ," ಎಂದು ನಾನು ನೋಟ್‌ಬುಕ್ ಹಿಡಿದು ನಿಂತೆ. ಗಂಡುಜೇಡದ ಸಿಟ್ಟು ಇಷ್ಟು ಹತ್ತಿರದಿಂದ ನೋಡಲು ಮತ್ತೆ ಯಾವಾಗ ಸಿಗುತ್ತದೋ ಎಂದು ನನ್ನ ಆಸೆ. ಹತ್ತು ನಿಮಿಷ ನಲವತ್ತಾಯಿತು. ಇಬ್ಬರಲ್ಲಿ ಒಬ್ಬರೂ ಹಿಂದೆ ಸರಿಯಲಿಲ್ಲ. ನನ್ನ ಗಂಡ ಅರ್ಧ ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಬಸ್ಸಿಗೆ ಓಡಿದರು. ಶಾಲೆಯಲ್ಲಿ ಎಲ್ಲರೂ ಹಲ್ಲುನೋವು ಎಂದು ತಿಳಿದರು. ಮುಖ್ಯಗುರುಗಳು ಮರುಗಿ ಅರ್ಧ ದಿನ ರಜೆ ಕೊಟ್ಟು ಕಳಿಸಿದರು. ಮಧ್ಯಾಹ್ನ ಅವರು ಮನೆಗೆ ಬಂದಾಗಲೂ ಸಾಹೇಬರು ಕನ್ನಡಿಯ ಮುಂದೆ ಕಾಲೆತ್ತಿಕೊಂಡೇ ನಿಂತಿದ್ದರು.

ಅತ್ತೆ ಅಡುಗೆಮನೆಯಿಂದ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ಇವನ್ನ ಅಕ್ಕೋರಿಗೆ ತೋರಿಸಬೇಕಂತ ತಂದೀಯೇನು?"

"ಹೌದ್ರಿ."

"ಬ್ಯಾಡ. ತನ್ನ ಮಾರಿ ತಾನ ನೋಡಿ ಮುಂಜಾನಿಂದ ಜಗಳಾಡೋ ಹುಡುಗಗ ಹೆಣ್ಣು ಕೊಡಬಾರದು." ಆಮೇಲೆ ಅರ್ಧ ಗಡ್ಡದ ಮಗನನ್ನು ನೋಡಿ, ನನ್ನ ಕಡೆ ತಿರುಗಿ, "ಮಾರಿ ನೋಡಿಕೊಳ್ಳದಾವಗೂ ಕೊಡಬಾರದಿತ್ತು. ಆದ್ರ ನಿಮ್ಮಪ್ಪ ಕೇಳಲಿಲ್ಲ," ಅಂದರು.

೪. ವೇಷಗಾರ

ಅತ್ತೆಗೆ ಈಗ ಆಸಕ್ತಿ ಬಂದಿತ್ತು. ಉಳಿದ ಐದು ಡಬ್ಬಿಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಡಿಸಿಕೊಂಡು ಒಂದೊಂದನ್ನೇ ನೋಡಿದರು. ನಾಲ್ಕು ಒಂದೇ ತರಹ, ಕಪ್ಪು ಬಿಳಿ ಪಟ್ಟೆಯವು. ಐದನೆಯದು ಸಣಕಲು, ಕೆಂಗಪ್ಪು ಬಣ್ಣ.

"ಇದು ಇರಿವಿ ಅಲ್ಲೇನು?" ಎಂದು ಕೇಳಿದರು.

ನನಗೆ ಇಂಥ ಪ್ರಶ್ನೆ ಬೇಕಾಗಿತ್ತು. ಜಿಗಿಜೇಡಗಳಲ್ಲಿ ಇರುವೆಯ ವೇಷ ಹಾಕುವ ಒಂದು ಬಗೆ ಉಂಟು. ಇರುವೆಯಂತೆ ಸೊಂಟ, ಇರುವೆಯಂತೆ ನಡಿಗೆ. ಇರುವೆಗೆ ಮೀಸೆ ಇರುತ್ತದಲ್ಲ, ಅದು ಇಲ್ಲದ್ದಕ್ಕೆ ಮುಂಗಾಲು ಎರಡನ್ನು ಮೀಸೆಯ ಹಾಗೆ ಮೇಲೆತ್ತಿ ಅಲ್ಲಾಡಿಸುತ್ತದೆ. ಇರುವೆ ಕಚ್ಚುತ್ತದೆ ಎಂದು ಹಕ್ಕಿಗಳು ಅದರ ತಂಟೆಗೆ ಹೋಗುವುದಿಲ್ಲ, ಆ ಭಯದ ಮರೆಯಲ್ಲಿ ಇದು ಬದುಕುತ್ತದೆ. ಅಕ್ಕೋರಿಗೆ ಇದು ವರನಾಗಲು ಸಾಧ್ಯವಿಲ್ಲ, ಬಗೆಯೇ ಬೇರೆ. ಆದರೂ ಗಿರಣಿಯ ಮಬ್ಬಿನಲ್ಲಿ ಸಿಕ್ಕಿತಲ್ಲ ಎಂದು ತಂದಿದ್ದೆ. ಇದನ್ನೆಲ್ಲ ಅತ್ತೆಗೂ, ಮಾತು ಕೇಳಿ ಬಂದ ಪಕ್ಕದ ಮನೆಯವರಿಗೂ ಅರ್ಧ ಗಂಟೆ ವಿವರಿಸಿದೆ.

"ಅಂದ್ರ ಕಡಿಯಂಗಿಲ್ಲ," ಅಂದರು ಅತ್ತೆ.

"ಬಿಲ್ಕುಲ್ ಇಲ್ರೀ. ಬರೇ ವೇಷ. ಕೈ ಮ್ಯಾಗ ಬಿಟ್ಟುಕೊಳ್ರಿ ಬೇಕಾದ್ರ."

ಅತ್ತೆ ಬಿಟ್ಟುಕೊಂಡರು. ಅದು ಅಂಗೈ ದಾಟಿ, ಹೆಬ್ಬೆರಳಿನ ಸಂದಿಗೆ ಹೋಗಿ ನಿಂತಿತು. ಅತ್ತೆಯ ಮುಖ ಸ್ವಲ್ಪ ಬದಲಾಯಿತು, ಬಾಯಿ ಮಾತ್ರ ಬಿಡಲಿಲ್ಲ. ನಾನು ಬಗ್ಗಿ ಕಾಲು ಎಣಿಸಿದೆ. ಜೇಡಕ್ಕೆ ಎಂಟು ಇರಬೇಕು. ಆರು ಇದ್ದವು. ಮತ್ತೆ ಎಣಿಸಿದೆ, ಆಗಲೂ ಆರೇ.

ಅಂದರೆ ಅದು ಇರುವೆಯಂತೆ ಕಾಣುವ ಜೇಡವಾಗಿರಲಿಲ್ಲ, ಇರುವೆಯಾಗಿತ್ತು. ದುಡಿಯುವ ಇರುವೆಗಳೆಲ್ಲ ಹೆಣ್ಣೇ ಎಂಬುದೂ ಆಗ ನೆನಪಾಯಿತು. ಬಸ್ಸಿನಲ್ಲಿ ನಾನು ಆರೂ ಗಂಡು ಎಂದದ್ದು ಆ ಲೆಕ್ಕದಲ್ಲೂ ತಪ್ಪು.

ಅತ್ತೆ ಕೈ ಝಾಡಿಸಿ, ಹೆಬ್ಬೆರಳು ಬಾಯಲ್ಲಿಟ್ಟುಕೊಂಡು ಹೇಳಿದರು, "ನೀ ಹೇಳಿದ್ದು ಖರೇ ಬೇ. ಥೇಟ್ ಇರಿವಿಯಂಗ ವೇಷ ಹಾಕ್ಯದ. ಕಡದದ್ದೂ ಇರಿವಿ ಕಡದಂಗ ಕಡೀತು."

೫. ನೋಡಲು ಬಂದ ಹುಡುಗ

ಒಟ್ಟಿನಲ್ಲಿ ಉಳಿದದ್ದು ನಾಲ್ಕು ಗಂಡು. ಸಮಿತಿಗೆ ಒಂದು ವಾರ ಇತ್ತು. ಗಾಜಿನ ಸಣ್ಣ ಪೆಟ್ಟಿಗೆಯೊಂದರಲ್ಲಿ ಅಕ್ಕೋರನ್ನು ಬಿಟ್ಟು, ಒಳಕೋಣೆಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಇಟ್ಟೆ. ಮೂರು ದಿನ ಅವರಿಗೆ ಏನೂ ತಿನ್ನಲು ಕೊಡಲಿಲ್ಲ. ಇದು ನನ್ನದೇ ಯೋಚನೆ. ಹಸಿದ ಜೇಡ ಚುರುಕಾಗಿರುತ್ತದೆ, ಚುರುಕಾಗಿದ್ದರೆ ವಿಡಿಯೋ ಚೆನ್ನಾಗಿ ಬರುತ್ತದೆ ಎಂದು ಲೆಕ್ಕ ಹಾಕಿದ್ದೆ. ಇದನ್ನು ನೆನಪಿನಲ್ಲಿಡಬೇಕು.

ಮೊದಲನೆಯ ಗಂಡನ್ನು ಬಿಟ್ಟೆ. ಅವನು ಒಮ್ಮೆ ಅಕ್ಕೋರ ಮುಖ ನೋಡಿ, ತಿರುಗಿ ಗಾಜಿನ ಮೂಲೆ ಸೇರಿದ. ಸಂಜೆಯವರೆಗೆ ಅಲ್ಲಿಂದ ಕದಲಲಿಲ್ಲ. ಎರಡನೆಯವನೂ ಅಷ್ಟೆ, ಮೂಲೆ ಮಾತ್ರ ಬೇರೆ. ಇಬ್ಬರನ್ನೂ ಮತ್ತೆ ಡಬ್ಬಿಗೆ ಹಾಕಿದೆ.

ಮೂರನೆಯವನು ಧೈರ್ಯವಂತ. ಅತ್ತೆ ಕನ್ನಡಕ ಹಾಕಿಕೊಂಡು ಬಂದು ಪಕ್ಕದಲ್ಲಿ ಕುಳಿತಿದ್ದರು. ಅವನು ಒಂದು ಕಾಲೆತ್ತಿದ. ಇನ್ನೊಂದು ಕಾಲೆತ್ತಿದ. ನಾನು ಮೊಬೈಲನ್ನು ಇನ್ನೂ ಹತ್ತಿರ ಹಿಡಿದೆ. ಅವನು ಅಡ್ಡಡ್ಡ ಹೆಜ್ಜೆ ಹಾಕುತ್ತ ಮುಂದೆ ಬಂದ. ಅಕ್ಕೋರು ಮೈ ತಗ್ಗಿಸಿದರು. ನನಗೆ ಸಂತೋಷವಾಯಿತು. ಆಮೇಲೆ ಅಕ್ಕೋರು ಜಿಗಿದರು.

ನೋಡುನೋಡುತ್ತ ವರನ ಕಾಲುಗಳು ಮಾತ್ರ ಹೊರಗೆ ಕಾಣುತ್ತಿದ್ದವು.

"ತಿಂದಳಲ್ಲ ಬೇ," ಅಂದರು ಅತ್ತೆ.

"ಒಮ್ಮೊಮ್ಮೆ ಹಿಂಗ ಆಗ್ತದ್ರಿ ಅತ್ತಿ."

"ನಾನು ಇಷ್ಟು ಸಂಬಂಧ ಕೂಡಿಸೀನಿ. ಮದುವಿ ಆದ ಮ್ಯಾಗ ಆಗಿದ್ದು ನೋಡೀನಿ. ನೋಡಾಕ ಬಂದ ದಿನಾನ ಆಗಿದ್ದು ಇದ ಮೊದಲು."

೬. ದೇವದುರ್ಗದ ಪದ್ಧತಿ

ಮೂಲೆ ಹಿಡಿದಿದ್ದ ಇಬ್ಬರು ಇನ್ನು ಕುಣಿಯುವ ಲಕ್ಷಣ ಇರಲಿಲ್ಲ. ಅಂದರೆ ಕೈಯಲ್ಲಿ ಒಬ್ಬನೇ ಉಳಿದಿದ್ದ. ಸಮಿತಿ ನಾಡಿದ್ದು. ನಾನು ಕಾಂಡಕೊರಕದ ಪುಸ್ತಕ ತೆಗೆ‌ದು ಮೊದಲ ಪುಟ ಓದುತ್ತ ಕುಳಿತೆ. ಕಣ್ಣಲ್ಲಿ ನೀರು ಬಂದದ್ದು ನಿಜ, ಆದರೆ ಪುಸ್ತಕದ ತಪ್ಪೇನಿಲ್ಲ.

ಅತ್ತೆ ಪುಸ್ತಕ ಮುಚ್ಚಿದರು. "ಅಕ್ಕೋರಿಗೆ ತಿನ್ನಾಕ ಏನ ಕೊಟ್ಟಿದ್ದಿ?"

"ಏನೂ ಇಲ್ರೀ. ಮೂರು ದಿನ ಉಪವಾಸ ಇಟ್ಟಿದ್ದೆ. ಚುರುಕ ಇರ್ತದಂತ."

ಅತ್ತೆ ಪುಸ್ತಕವನ್ನು ನನ್ನ ತೊಡೆಯಿಂದ ಎತ್ತಿ ಆಚೆಗಿಟ್ಟರು. "ಮೂರು ದಿನ ಉಪವಾಸ ಕೂಡಿಸಿ, ಆಮ್ಯಾಗ ಹುಡುಗನ್ನ ಮುಂದ ಬಿಟ್ಟಿ. ಅಕಿ ಏನಂತ ತಿಳಕೊಂಡಾಳ? ಊಟಾ ಬಂತಂತ ತಿಳಕೊಂಡಾಳ."

ಅತ್ತೆಯ ಪದ್ಧತಿ ಹೀಗೆ. ಯಾರ ಮನೆಯಲ್ಲಿ ಹೆಣ್ಣು ನೋಡುವ ಕಾರ್ಯವಿದ್ದರೂ, ಎರಡೂ ಕಡೆಯವರಿಗೆ ಮೊದಲು ಒಗ್ಗರಣಿ ಮಿರ್ಚಿ ಬಡಿಸುತ್ತಾರೆ. ಒಗ್ಗರಣಿ ಎಂದರೆ ಮಂಡಕ್ಕಿಯದು, ರಾಯಚೂರಿನ ಕಡೆ ಬೆಳಿಗ್ಗೆ ಎಲ್ಲ ಹೋಟೆಲಿನಲ್ಲೂ ಸಿಗುತ್ತದೆ, ಜೊತೆಗೆ ಬಿಸಿ ಮಿರ್ಚಿ, ಅಂದರೆ ಮೆಣಸಿನಕಾಯಿ ಬಜ್ಜಿ. ತಟ್ಟೆ ಖಾಲಿಯಾಗಿ, ಚಹಾ ಮುಗಿದು, ಯಾರಾದರೂ ಒಬ್ಬರು ಗೋಡೆಗೆ ಒರಗುವವರೆಗೆ ಅತ್ತೆ ಸಂಬಂಧದ ಮಾತು ಎತ್ತುವುದಿಲ್ಲ, ಎತ್ತಲು ಯಾರಿಗೂ ಬಿಡುವುದಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಕಟ್ಟೆಯ ಮೇಲೆ ಬೆಲ್ಲದ ಚೂರು ಇಟ್ಟು, ಸ್ಟೀಲ್ ಲೋಟ ಹಿಡಿದು ಕುಳಿತರು. ಅವರು ನೊಣಕ್ಕೆ ಹೊಂಚಿದ ರೀತಿ ನೋಡಿದರೆ ಅಕ್ಕೋರೂ ಕಲಿಯಬೇಕು. ಮೂರು ನೊಣ ಸಿಕ್ಕವು. ಅಕ್ಕೋರು ಎರಡು ತಿಂದು, ಮೂರನೆಯದನ್ನು ಅರ್ಧಕ್ಕೆ ಬಿಟ್ಟು, ಗಾಜಿಗೆ ಒರಗಿ ಕುಳಿತರು.

"ಈಗ ಅಕಿ ಮಾತಿಗೆ ಬಂದಾಳ," ಅಂದರು ಅತ್ತೆ. "ಪೆಟ್ಟಿಗಿ ಎತ್ತು. ಕಿಟಕಿ ಕಡೆ ಇಡು."

"ಟ್ಯೂಬ್‌ಲೈಟ್ ಅದಲ್ರೀ."

"ಹುಡುಗನ ಮಾರಿ ಮ್ಯಾಗ ಬಿಸಿಲ ಬೀಳಬೇಕು. ಕತ್ತಲ ಮನ್ಯಾಗ ಕೂಡಿಸಿ ತೋರಿಸಿದ ಸಂಬಂಧ ಒಂದೂ ನಿಂತಿಲ್ಲ ನಂದು."

ಗಂಡುಜೇಡದ ಮುಖದ ಪಟ್ಟೆಗಳು ಬೆಳಕಿನಲ್ಲಿ ಹೆಣ್ಣಿಗೆ ಚೆನ್ನಾಗಿ ಕಾಣುತ್ತವೆ ಎಂಬುದು ನನ್ನ ಪುಸ್ತಕದಲ್ಲೂ ಇತ್ತು. ನಾನು ಆ ಪುಟ ಓದಿದ್ದು ಆಮೇಲೆ.

ಮೊಬೈಲನ್ನು ಕಾಂಡಕೊರಕದ ಪುಸ್ತಕದ ಮೇಲೆ ಒರಗಿಸಿ, ರೆಕಾರ್ಡಿಂಗ್ ಒತ್ತಿ, ಕೊನೆಯ ಗಂಡನ್ನು ಬಿಟ್ಟೆ. ಅವನು ನಿಂತ. ಅಕ್ಕೋರನ್ನು ನೋಡಿದ. ಎರಡೂ ಮುಂಗಾಲು ಮೇಲೆತ್ತಿದ. ಎಡಕ್ಕೆ ನಾಲ್ಕು ಹೆಜ್ಜೆ, ಬಲಕ್ಕೆ ನಾಲ್ಕು ಹೆಜ್ಜೆ, ನಡುವೆ ಹೊಟ್ಟೆಯನ್ನು ಗಡಗಡ ನಡುಗಿಸುವುದು. ಅಕ್ಕೋರು ಜಿಗಿಯಲಿಲ್ಲ. ಒಮ್ಮೆ ಮುಖ ತಿರುಗಿಸಿದರು. ಅವನು ಸುತ್ತು ಹಾಕಿ ಆ ಕಡೆಯಿಂದ ಮತ್ತೆ ಮೊದಲಿನಿಂದ ಕುಣಿದ. ಹನ್ನೊಂದು ನಿಮಿಷ. ನಾನು ಅವನ ಹೆಜ್ಜೆ ಎಣಿಸುತ್ತ ಕುಳಿತೆ. ಅತ್ತೆ ಗಾಜಿನ ಪಕ್ಕ ಕುಳಿತು ತಮ್ಮಷ್ಟಕ್ಕೆ ಏನೋ ಅನ್ನುತ್ತಿದ್ದರು, ನಾನು ಕಿವಿಗೊಡಲಿಲ್ಲ. ಕೊನೆಗೆ ಅವನು ಮುಂಗಾಲಿನಿಂದ ಅಕ್ಕೋರ ತಲೆ ಮುಟ್ಟಿದ. ಅಕ್ಕೋರು ಸುಮ್ಮನಿದ್ದರು. ಸಂಬಂಧ ಕೂಡಿತು.

ಎಲ್ಲ ಮುಗಿದ ಮೇಲೆ ಅತ್ತೆ ಎದ್ದು ಸೆರಗು ಕೊಡವಿದರು. "ಮದುವಿ ಆತು. ಇನ್ನ ಹುಡುಗನ್ನ ಅವರ ಮನಿಗೆ ಕಳಸಿಬಿಡು. ಸಂಜಿಗೆ ಅಕಿಗೆ ಮತ್ತ ಹಸಿವಾಗ್ತದ."

೭. ಸಮಿತಿ

ಸಮಿತಿ ಎಂದರೆ ನಮ್ಮ ಗೈಡ್, ವಿಭಾಗದ ಇಬ್ಬರು ಮತ್ತು ಹೊರಗಿನಿಂದ ಬಂದ ಒಬ್ಬ ಹಿರಿಯ ಪ್ರೊಫೆಸರು. ಅವರು ನಗುವುದಿಲ್ಲ ಎಂದು ಎಲ್ಲರೂ ಮೊದಲೇ ಹೇಳಿದ್ದರು. ವಿಡಿಯೋ ಪರದೆಯ ಮೇಲೆ ದೊಡ್ಡದಾಗಿ ಬಂತು. ವರ ಬಾಗಿಲಷ್ಟು ಎತ್ತರ ಕಾಣುತ್ತಿದ್ದ. ಎಲ್ಲ ಸರಿಯಾಗಿತ್ತು. ಒಂದನ್ನು ಮಾತ್ರ ನಾನು ಮರೆತಿದ್ದೆ. ಎಲ್ಲೂ ಕತ್ತರಿಸಬಾರದು ಎಂದಿದ್ದರಿಂದ ನಾನು ಅದನ್ನು ಮುಟ್ಟಿರಲಿಲ್ಲ, ಮುಟ್ಟದ್ದರಿಂದ ಅದರ ಧ್ವನಿಯೂ ಹಾಗೆಯೇ ಇತ್ತು. ಸಭಾಂಗಣದ ನಾಲ್ಕೂ ಸ್ಪೀಕರುಗಳಿಂದ ನಮ್ಮ ಅತ್ತೆ ಮಾತಾಡತೊಡಗಿದರು.

"ಬಾರಪಾ, ಬಾ. ಅಂಜಬ್ಯಾಡ. ಅಕಿ ಉಂಡಾಳ."

ನಮ್ಮ ಗೈಡ್ ಕನ್ನಡಕ ತೆಗೆದರು.

"ಹಾಂ, ಕಾಲೆತ್ತು. ಆ ಇನ್ನೊಂದು ಕಾಲು ಯಾರ ಎತ್ತಬೇಕು? ಹಾಂ. ಹುಡುಗನ ಕಡೆಯವರು ಒಬ್ಬರೂ ಬಂದಿಲ್ಲ ನೋಡು, ಪಾಪ."

ನಾನು ಧ್ವನಿ ನಿಲ್ಲಿಸಲು ಕಂಪ್ಯೂಟರಿನ ಕಡೆ ಹೋದೆ. ಹಿರಿಯ ಪ್ರೊಫೆಸರು ಪರದೆಯಿಂದ ಕಣ್ಣು ತೆಗೆಯದೆ, ಇರಲಿ ಎಂದು ಕೈ ತೋರಿಸಿದರು.

"ಗಡಿಬಿಡಿ ಮಾಡಬ್ಯಾಡ. ಅಕಿ ಇನ್ನೂ ವಿಚಾರ ಮಾಡಾಕತ್ತಾಳ. ಮಾರಿ ತಿರುವಿದಳಂದ್ರ ಒಲ್ಲೆ ಅಂದಂಗಲ್ಲ, ನೀ ಆ ಕಡೆಯಿಂದ ಬಾ. ಹಾಂ, ಹಂಗ. ಶಾಣ್ಯಾ ಅದಾನ ಹುಡುಗ."

ಹನ್ನೊಂದು ನಿಮಿಷ. ಒಂದು ಸೆಕೆಂಡೂ ಕತ್ತರಿಸಿರಲಿಲ್ಲ. ವಿಡಿಯೋ ಮುಗಿಯಿತು. ನಾನು ಮನಸ್ಸಿನಲ್ಲೇ ಕಾಂಡಕೊರಕದ ಎರಡನೆಯ ಪುಟ ತೆರೆದೆ.

"ಹೆಣ್ಣಿಗೆ ಮೊದಲು ಆಹಾರ ಕೊಟ್ಟು, ಆಮೇಲೆ ಗಂಡನ್ನು ಬಿಟ್ಟಿದ್ದೀರಿ," ಅಂದರು ಹಿರಿಯ ಪ್ರೊಫೆಸರು. "ಬೆಳಕಿನ ದಿಕ್ಕನ್ನೂ ನೋಡಿದ್ದೀರಿ. ಇದು ಯಾವ ಪದ್ಧತಿ?"

"ದೇವದುರ್ಗದ ಪದ್ಧತಿ ಸರ್," ಅಂದೆ.

ಅವರು ಅದನ್ನು ಬರೆದುಕೊಂಡರು. ಆಮೇಲೆ ಇಡೀ ಸಮಿತಿಗೆ ಕೇಳುವಂತೆ, ಕುಣಿತ ಪೂರ್ತಿ ಸಿಕ್ಕಿದೆ, ವಿಷಯ ಬದಲಿಸುವ ಅಗತ್ಯವಿಲ್ಲ ಎಂದು ಹೇಳಿ ಸಹಿ ಮಾಡಿದರು. ನನಗೆ ಮುಂಗಾಲು ಇದ್ದಿದ್ದರೆ ಎತ್ತುತ್ತಿದ್ದೆ. ಎಲ್ಲರೂ ಚಹಾಕ್ಕೆ ಎದ್ದಾಗ ಅವರು ನನ್ನನ್ನು ಪಕ್ಕಕ್ಕೆ ಕರೆದು, ಸುತ್ತ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಕೇಳಿದರು.

"ಆ ವಿಡಿಯೋದಾಗ ಮಾತಾಡಾಕತ್ತಿದ್ದ ಅಮ್ಮಾರು ಯಾರ್ರೀ? ನಮ್ಮ ಮಗಗ ಮೂರು ವರ್ಷದಿಂದ ಕನ್ಯಾ ನೋಡಾಕತ್ತೀವಿ. ಒಂದೂ ಕೂಡವಲ್ದು."

ಮನೆಗೆ ಬಂದು ಅತ್ತೆಗೆ ಮೊದಲು ಸಮಿತಿಯ ಸುದ್ದಿ ಹೇಳಿದೆ. ಅದಕ್ಕೆ ಅವರು, "ಆಗ್ಲಿ, ಅಕ್ಕೋರಿಗೂ ಹೇಳು," ಅಂದರು. ಎರಡನೆಯ ಸುದ್ದಿ ಹೇಳಿದ ಕೂಡಲೇ ಸೊಪ್ಪು ಸೋಸುತ್ತಿದ್ದವರು ನೆಟ್ಟಗೆ ಕುಳಿತರು.

"ಹುಡುಗ ಓದ್ಯಾನ?"

"ಬಾಳ ಓದ್ಯಾನಂತ್ರಿ."

"ನೌಕರಿ?"

"ಅದರೀ."

"ಸಿಟ್ಟು?"

"ಇಲ್ಲಂತ್ರಿ."

ಅತ್ತೆ ಕಿಟಕಿಯ ಮೇಲೆ ಮರಳಿ ತಮ್ಮ ಜಾಗಕ್ಕೆ ಬಂದಿದ್ದ ಅಕ್ಕೋರನ್ನು ನೋಡಿದರು. ಅಕ್ಕೋರೂ ತಿರುಗಿ ಅತ್ತೆಯನ್ನು ನೋಡಿದರು.

"ಫೋನ್ ಹಚ್ಚು," ಅಂದರು ಅತ್ತೆ. "ಮೊದಲು ಹುಡುಗಗ ಕುಣಿಯಾಕ ಬರ್ತದನ ಕೇಳು."